ದಾರದಲ್ಲಿ ಕೊಯ್ದ ಹನಿ ಕೇಕು

ನಿನ್ನೆ ಸಂಜೆ ನಾಲ್ಕು ಗಂಟೆಗೆ ದಾವಣಗೆರೆಯ ವಿನೋಬನಗರದ ನಮ್ಮ ಬೀದಿಯ ತಿರುವಿನಲ್ಲಿ ನಿಂತಿದ್ದೆ. ಆ ಹೊತ್ತಿಗೆ ಸರಿಯಾಗಿ ಅಲ್ಲಿಯ ಬೇಕರಿಯವರು ಎರಡನೇ ಸಲದ ಬನ್ನುಗಳನ್ನು ಒಲೆಯಿಂದ ಹೊರಗೆಳೆಯುತ್ತಾರೆ. ಆ ವಾಸನೆ ಬೀದಿಗೆ ಬಂದಾಗ ಆಟೋದವರು ಹಾರ್ನ್ ಹೊಡೆಯುವುದನ್ನೂ ಮರೆಯುತ್ತಾರೆ ಎಂದು ನಾನು ಬರೆದರೆ ನೀವು ನಂಬಬೇಡಿ. ಅವರು ಏನನ್ನೂ ಮರೆಯುವುದಿಲ್ಲ. ಮರೆಯುವವನು ನಾನು. ನನ್ನ ವಯಸ್ಸು, ಉಳಿದಿರುವ ಹಲ್ಲುಗಳ ಸಂಖ್ಯೆ, ಡಾಕ್ಟರು ಹೇಳಿದ್ದು, ಮನೆಯಾಕೆ ಹೇಳಿದ್ದು, ಎಲ್ಲ ಮರೆತುಹೋಗುತ್ತದೆ. ಆದರೆ ಈಚೆಗೆ ಆ ವಾಸನೆಯ ಜೊತೆಗೇ ಎಡಗೈಯ ಉಂಗುರದ ಬೆರಳ ತುದಿಯಲ್ಲಿ ಚುಳ್ಳೆನ್ನುತ್ತದೆ. ಯಾಕೆ ಎಂಬುದನ್ನು ಹೇಳಲಿಕ್ಕೇ ಕೂತಿದ್ದೇನೆ. ಇದೊಂದು ತಪ್ಪೊಪ್ಪಿಗೆ. ಸ್ವಲ್ಪ ಸುತ್ತಿ ಬಳಸಿ ಹೇಳಿದರೆ ಸಹಿಸಿಕೊಳ್ಳಿ. ತಪ್ಪು ಮಾಡಿದವನಿಗೆ ನೇರ ದಾರಿ ತಕ್ಷಣ ಸಿಕ್ಕುವುದಿಲ್ಲ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಹತ್ತಿ ಮಿಲ್ಲೊಂದರ ಗೇಟಿನಲ್ಲಿ ಹಾಜರಿ ಬರೆಯುತ್ತಿದ್ದೆ. ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುವುದು ನನ್ನ ಕೆಲಸ. ಹಾಗೆ ನಿಲ್ಲುವವನು ನಕ್ಕರೆ ಕೆಲಸ ಕೆಡುತ್ತದೆಂದು ಹುಬ್ಬು ಗಂಟಿಕ್ಕಿಕೊಂಡೇ ನಿಂತೆ. ಮಿಲ್ಲು ಮುಚ್ಚಿದರೂ ಆ ಗಂಟು ಬಿಚ್ಚಲಿಲ್ಲ. ಈ ಮುಖ ನೋಡಿಯೇ ಜನ ನನ್ನನ್ನು ಬಹಳ ಪ್ರಾಮಾಣಿಕನೆಂದು ತಿಳಿದುಕೊಂಡರು. ನಾನೂ ತಿಳಿದುಕೊಂಡಿದ್ದೆ.

ನನ್ನ ಗೆಳೆಯ ಮಾಬೂಸಾಬ, ನಿಟ್ಟುವಳ್ಳಿಯ ಟೇಲರ್. ಒಂಬತ್ತನೇ ಕ್ಲಾಸಿನವರೆಗೆ ಇಬ್ಬರೂ ಒಂದೇ ಬೆಂಚು. ಆಮೇಲೆ ಅವನು ಅಪ್ಪನ ಹೊಲಿಗೆ ಯಂತ್ರಕ್ಕೆ ಕೂತ, ನಾನು ಪರೀಕ್ಷೆಗೆ ಕೂತೆ. ಅವನ ಅಳತೆ ಎಂದರೆ ಅಳತೆ, ಒಂದು ಕೂದಲೆಳೆ ಆಚೀಚೆ ಆಗುತ್ತಿರಲಿಲ್ಲ. ಆದರೆ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟ ದಾಖಲೆಯಿಲ್ಲ. ಹೋಗಿ ಕೇಳಿದರೆ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತಲೆಯೆತ್ತದೆ, "ಎಲ್ಲಾ ಆಗೈತೆ, ಕಾಜ ಬಾಕಿ ಐತೆ. ಮುಂದಿನ ವಾರ ಬಾ" ಅನ್ನುತ್ತಿದ್ದ. ಕಾಜ ಎಂದರೆ ಗುಂಡಿ ತೂರಿಸುವ ತೂತು. ಅದನ್ನು ಕೈಯಲ್ಲೇ ಹೊಲಿಯಬೇಕು, ಅದಕ್ಕೆ ಪುರುಸೊತ್ತು ಬೇಕು. ನನ್ನ ಮದುವೆಯ ಅಂಗಿಗೂ ಕಾಜ ಬಾಕಿ ಇತ್ತು. ನಮ್ಮ ಮನೆಯ ಗೋಡೆಯ ಮೇಲಿನ ಮದುವೆ ಫೋಟೊದಲ್ಲಿ ನಾನು ಎದೆಯ ಮೇಲೆ ಕೈ ಕಟ್ಟಿ ನಿಂತಿರುವುದನ್ನು ನೋಡಿ ಎಲ್ಲರೂ ಏನು ಗಾಂಭೀರ್ಯ ಎನ್ನುತ್ತಾರೆ. ಕೈಯ ಹಿಂದೆ ಐದು ಪಿನ್ನುಗಳಿವೆ.

ವಯಸ್ಸಾದ ಮೇಲೆ ಮಾಬುವಿಗೆ ಸಕ್ಕರೆ ಕಾಯಿಲೆ ಹತ್ತಿತು. ಯಂತ್ರ ತುಳಿಯುವ ಬಲಗಾಲಿನ ಹೆಬ್ಬೆರಳಿಗೆ ಆದ ಚಿಕ್ಕ ಗಾಯ ಮೂರು ತಿಂಗಳು ಒಣಗಲೇ ಇಲ್ಲ. ಸಿಹಿ ಬಿಟ್ಟು, ದಿನಾ ನಡೆದರೆ ಬೆರಳು ಉಳಿಯುತ್ತದೆ, ಇಲ್ಲದಿದ್ದರೆ ನಾನು ಹೇಳಲಾರೆ ಎಂದರು ಡಾಕ್ಟರು. ಆಗ ಅವನ ಹೆಂಡತಿ ಫಾತಿಮಾ ಭಾಬಿ ನನ್ನನ್ನು ಕರೆಸಿದಳು. ಮಾಯಕೊಂಡದ ಹೆಣ್ಣುಮಗಳು. ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳೆಂದರೆ ನನ್ನ ಮಿಲ್ಲಿನ ಮ್ಯಾನೇಜರೂ ಎದ್ದು ನಿಲ್ಲಬೇಕು.

"ಅಣ್ಣಾರೆ, ದಿನಾ ಸಂಜಿಗೆ ಇವರನ್ನ ನೀವೇ ವಾಕಿಂಗ್ ಕರ್ಕೊಂಡ್ ಹೋಗ್ರಿ. ಬೇಕರಿ ಕಡೆ ಮುಖ ಮಾಡಿದ್ರೆ ಕಿವಿ ಹಿಡ್ದು ತಿರುಗಿಸ್ರಿ. ಅಷ್ಟು ವರ್ಷ ಮಿಲ್ಲಿನ ಗೇಟ್ನಾಗೆ ನಿಂತೋರು ನೀವು, ನಿಮ್ ಕಣ್ಣು ತಪ್ಸಾಕೆ ಯಾರಿಗಾಗ್ತೈತೆ?"

"ನೀವು ನಿಶ್ಚಿಂತಿಯಿಂದ ಇರ್ರಿ ಭಾಬಿ" ಎಂದೆ, ಹುಬ್ಬು ಗಂಟಿಕ್ಕಿಕೊಂಡು.

ನಾಲ್ಕು ದಿನ ನಿಶ್ಚಿಂತೆಯಿಂದಲೇ ನಡೆಯಿತು. ಐದನೆಯ ದಿನ ನಿಟ್ಟುವಳ್ಳಿಯ ಹಳೆಯ ಬೇಕರಿಯೊಂದರ ಮುಂದೆ ಹೋಗುವಾಗ, ನಿಜ ಹೇಳುತ್ತೇನೆ, ಕಾಲು ನಿಂತದ್ದು ನನ್ನದು. ಆಗಷ್ಟೇ ಹನಿ ಕೇಕಿನ ತಟ್ಟೆ ತಂದು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಮೇಲೆ ಕೆಂಪು ಜಾಮು, ಅದರ ಮೇಲೆ ಕೊಬ್ಬರಿ ತುರಿ, ಒಳಗೆಲ್ಲ ಪಾಕ ಕುಡಿದು ಮೆತ್ತಗಾದ ಕೇಕು. ಮಾಬು ಕಿವಿ ಮುಂದೆ ಒಡ್ಡಿದ.

"ಹಿಡ್ದು ತಿರುಗ್ಸಲೇ. ನಿನ್ನ ಭಾಬಿ ಹೇಳ್ಯಾಳಲ್ಲ."

"ಅರ್ಧ ತಿಂದ್ರೆ ಏನೂ ಆಗಲ್ಲ" ಎಂದೆ ನಾನು. "ಪೂರ್ತಿ ಹೋದ್ರೆ ಮಾತ್ರ ಮೈಗೆ ಗೊತ್ತಾಗ್ತೈತೆ. ಅರ್ಧಕ್ಕೆ ಗೊತ್ತಾಗಲ್ಲ."

ಈ ವೈದ್ಯಶಾಸ್ತ್ರ ನನ್ನದೇ. ಆ ಕ್ಷಣದಲ್ಲಿ ಹುಟ್ಟಿದ್ದು. ಮಾಬು ಅದನ್ನು ಒಪ್ಪಿದ ವೇಗ ನೋಡಿದರೆ ನನಗಿಂತ ಮೊದಲೇ ಅವನಿಗೆ ಹೊಳೆದಿರಬೇಕು.

ಅರ್ಧ ಮಾಡುವುದು ಹೇಗೆ? ಚಮಚದಲ್ಲಿ ಒತ್ತಿದರೆ ಜಾಮು ಒಬ್ಬನ ಪಾಲಿಗೆ, ಬುಡ ಇನ್ನೊಬ್ಬನ ಪಾಲಿಗೆ. ಮಾಬು ಅಂಗಿಯ ಜೇಬಿನಿಂದ ಬಿಳಿ ದಾರದ ರೀಲು ತೆಗೆದ. ಕಾಲಿನ ದೆಸೆಯಿಂದ ಹೊಲಿಗೆ ಅಂಗಡಿ ಮುಚ್ಚಿದ್ದರೂ ರೀಲು ಅವನ ಜೇಬು ಬಿಟ್ಟಿರಲಿಲ್ಲ. ಎರಡು ಬೆರಳಿಗೆ ದಾರ ಸುತ್ತಿ, ಬಿಗಿಯಾಗಿ ಎಳೆದು, ಒಂದು ಕಣ್ಣು ಮುಚ್ಚಿ ಕೇಕಿನ ನಡುಮಧ್ಯ ಹಿಡಿದು ಸರಕ್ಕನೆ ಇಳಿಸಿದ. ಒಂದು ಚೂರು ಉದುರಲಿಲ್ಲ. ಎರಡು ತುಂಡೂ ಒಂದೇ ಅಳತೆಯ ಎರಡು ತೋಳುಗಳ ಹಾಗಿದ್ದವು. ಬೇಕರಿಯವನು ಕಾಫಿ ಲೋಟ ಕೈಯಲ್ಲೇ ಹಿಡಿದು ನೋಡುತ್ತ ನಿಂತ.

ಹೊರಗಿನವರಿಗೆ ದಾವಣಗೆರೆ ಎಂದರೆ ಬೆಣ್ಣೆ ದೋಸೆ. ಬಸ್ಸಿಳಿದು ದೋಸೆ ತಿಂದು, ಮಂಡಕ್ಕಿ ಮಿರ್ಚಿ ಮುಗಿಸಿ, ಊರು ನೋಡಿದೆವೆಂದು ಹೊರಟುಹೋಗುತ್ತಾರೆ, ಪಾಪ. ಈ ಊರಿನ ಬೇಕರಿಗಳು ಯಾರ ಕಣ್ಣಿಗೂ ಬಿದ್ದಿಲ್ಲ. ನಾವಿಬ್ಬರು ನೋಡಿದೆವು. ದಿನಕ್ಕೊಂದು ಬೇಕರಿ, ಒಂದು ತಿನಿಸು, ಎರಡು ಭಾಗ. ಒಂದು ಕಡೆ ಬೆಣ್ಣೆ ಬನ್ನಿನ ಬೆಣ್ಣೆ ನಿಜವಾದದ್ದು, ಬನ್ನು ಮಾತ್ರ ನಿನ್ನೆಯದು. ಇನ್ನೊಂದು ಕಡೆ ಬನ್ನು ಇವತ್ತಿನದು, ಬೆಣ್ಣೆಯ ಬಗ್ಗೆ ಕೇಳಬಾರದು. ಕ್ರೀಮ್ ಬನ್ನಿನಲ್ಲಿ ಕ್ರೀಮು ಬಾಯಿಯ ಹತ್ತಿರ ಮಾತ್ರ ಇಟ್ಟು ಒಳಗೆ ಖಾಲಿ ಬಿಡುವ ಬೇಕರಿಗಳು ಯಾವುವು ಎಂದು ನಾವು ಕಣ್ಣು ಮುಚ್ಚಿ ಹೇಳಬಲ್ಲವರಾದೆವು. ದಾರ ನಡುವೆ ಇಳಿದಾಗ ಎಲ್ಲರ ಬಣ್ಣ ಬಯಲಾಗುತ್ತಿತ್ತು. "ಹೊರಗೆ ಟೆರಿಕಾಟ್, ಒಳಗೆ ಲೈನಿಂಗೇ ಇಲ್ಲ" ಎಂದು ಮಾಬು ತೀರ್ಪು ಕೊಡುತ್ತಿದ್ದ. ಬಿಸ್ಕತ್ತು ಮಾತ್ರ ಅವನು ಮುಟ್ಟುತ್ತಿರಲಿಲ್ಲ. ಅದು ದಾರಕ್ಕೆ ಬಗ್ಗುವುದಿಲ್ಲ.

ಹೊಸದಾಗಿ ಆಗಿರುವ ಗಾಜಿನ ಬಾಗಿಲಿನ ಸಿಹಿ ಅಂಗಡಿಗೂ ಹೋದೆವು. ಒಳಗೆ ತಣ್ಣಗೆ, ಎಲ್ಲ ಹುಡುಗ ಹುಡುಗಿಯರು. ಹೆಸರು ಓದಲು ಬರುವಂಥದ್ದನ್ನೇ ಹೇಳೋಣವೆಂದು ಲಾವಾ ಕೇಕು ತರಿಸಿದೆವು. ಕಪ್ಪಗೆ, ಗುಂಡಗೆ, ಸಭ್ಯವಾಗಿ ಕೂತಿತ್ತು. ಮಾಬು ದಾರ ಬಿಗಿದು ಇಳಿಸಿದ್ದೇ ತಡ, ಒಳಗಿಂದ ಬಿಸಿ ಚಾಕೊಲೇಟು ಬಳಬಳನೆ ಹರಿದು ತಟ್ಟೆ ತುಂಬಿತು. ಅವನು ಗಾಬರಿಯಾಗಿ ಎರಡೂ ಹೋಳುಗಳನ್ನು ಕೈಯಿಂದ ಒತ್ತಿ ಕೂಡಿಸಿ ಹಿಡಿದ.

"ಯಾ ಅಲ್ಲಾ! ಇದಕ್ಕೆ ಹೊಲಿಗಿ ಹಾಕಬೇಕಾಗ್ತೈತಲೇ!"

ಪಕ್ಕದ ಮೇಜಿನ ಹುಡುಗಿಯೊಬ್ಬಳು ನಗು ತಡೆಯಲಾರದೆ ಟಿಶ್ಯೂ ಕೊಟ್ಟಳು.

ಹರಿಹರಕ್ಕೆ ಹೋದದ್ದು ಒಂದೇ ಸಲ. ಅಲ್ಲಿ ಒಂದು ಬೇಕರಿಯಲ್ಲಿ ರವೆ ಕೇಕು ಚೆನ್ನಾಗಿ ಮಾಡುತ್ತಾರೆಂದು ಯಾರೋ ಹೇಳಿದ್ದರು. ಮಾಬುವಿನ ಕಾಲು ತೋರಿಸಲು ಬೇರೆ ಡಾಕ್ಟರು ಅಲ್ಲಿದ್ದಾರೆ ಎಂದು ಭಾಬಿಗೆ ಹೇಳಿದೆ. ಇದು ನನ್ನ ಬಾಯಿಂದ ಬಂದ ಸುಳ್ಳು, ಅವನದಲ್ಲ. ಕೇಕು ಕಟ್ಟಿಸಿಕೊಂಡು, ಹೊಳೆಯ ಗಾಳಿಯಲ್ಲಿ ತಿನ್ನೋಣವೆಂದು ನಡೆಯುವಾಗ ದಾರಿಯಲ್ಲಿ ದೇವರ ಫೋಟೊ ಮಾರುವ ಅಂಗಡಿ. ಹರಿಹರೇಶ್ವರನ ಪಟ ತೂಗುಹಾಕಿದ್ದರು. ಒಂದೇ ಮೂರ್ತಿ, ಅರ್ಧ ಹರಿ, ಅರ್ಧ ಹರ. ಮಾಬು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

"ಎಂಥಾ ಕೆಲಸಗಾರ ನೋಡಲೇ. ಈ ಕಡೆ ಒಂದು ಬಟ್ಟಿ, ಆ ಕಡೆ ಒಂದು ಬಟ್ಟಿ. ನಡುವೆ ಜಾಯಿಂಟ್ ಎಲ್ಲೈತೆ ತೋರ್ಸು ನೋಡಾನ?"

ನಾನು ಹುಡುಕಿದೆ, ಕಾಣಲಿಲ್ಲ.

"ನಮ್ದೂ ಹಂಗೇ ಅಲ್ಲೇನು" ಎಂದ ಅವನು. "ಅರ್ಧ ನೀನು, ಅರ್ಧ ನಾನು." ಹೊಳೆಯ ದಂಡೆಯಲ್ಲಿ ಕೂತು ಕೇಕು ಕೊಯ್ದ. ಎಂದಿನಂತೆ ಸರಿಸಮ.

ಇಷ್ಟು ಎಚ್ಚರದಿಂದ ನಡೆಯುತ್ತಿದ್ದ ನಾವು ಸಿಕ್ಕಿಬಿದ್ದದ್ದು ಟೇಲರೊಬ್ಬ ಮಾತ್ರ ಮಾಡಬಹುದಾದ ತಪ್ಪಿನಿಂದ. ಬಾಯಿ ಒರೆಸಿಕೊಳ್ಳುತ್ತಿದ್ದೆವು, ಕೈ ತೊಳೆಯುತ್ತಿದ್ದೆವು, ಕಾಗದ ಅಲ್ಲೇ ಎಸೆಯುತ್ತಿದ್ದೆವು. ಆದರೆ ದಾರ? ಬೇರೆ ಯಾರಾದರೂ ಆಗಿದ್ದರೆ ಮೊಳದುದ್ದದ ದಾರ ಹರಿದು ಬಿಸಾಡುತ್ತಿದ್ದರು. ಮಾಬು ಜೀವಮಾನದಲ್ಲಿ ಒಂದೆಳೆ ದಾರ ದಂಡ ಮಾಡಿದವನಲ್ಲ. ಕೇಕು ಕೊಯ್ದಾದ ಮೇಲೆ ದಾರವನ್ನು ನಾಲಿಗೆಯ ಮೇಲೆ ಒಂದು ಸಲ ಎಳೆದು, ಅಚ್ಚುಕಟ್ಟಾಗಿ ರೀಲಿಗೆ ಸುತ್ತಿ ಜೇಬಿಗಿಡುತ್ತಿದ್ದ. ಎರಡು ತಿಂಗಳ ಹನಿ ಕೇಕಿನ ಪಾಕ, ಜಾಮು, ಕ್ರೀಮು, ಎಲ್ಲ ಆ ರೀಲಿನಲ್ಲಿ ಪದರ ಪದರವಾಗಿ ಕೂತಿತ್ತು.

ಒಂದು ಸಂಜೆ ನಾನು ಅವನ ಮನೆಗೆ ಹೋದಾಗ ಭಾಬಿ ಬಾಗಿಲಲ್ಲೇ ನಿಂತಿದ್ದಳು. "ಬರ್ರಿ ಅಣ್ಣಾರೆ, ಕೂಡ್ರಿ" ಎಂದಳು. ದನಿ ಸರಿಯಿರಲಿಲ್ಲ. ಮಾಬು ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಗೋಡೆಯ ಮೇಲೆ, ಕಿಟಕಿಯಿಂದ ಹೊರಟು ಮೊಳೆಗೆ ತೂಗುಹಾಕಿದ ಅವನ ಅಂಗಿಯವರೆಗೆ, ಸಾಲಾಗಿ ಇರುವೆ. ನನ್ನ ಮಿಲ್ಲಿನ ಮೊದಲನೇ ಪಾಳಿಯವರು ಒಂದು ದಿನವೂ ಅಷ್ಟು ಶಿಸ್ತಿನಿಂದ ಒಳಗೆ ಬಂದಿರಲಿಲ್ಲ.

"ಜೇಬ್ನಾಗೆ ಇದು ಸಿಕ್ತು" ಎಂದು ರೀಲು ನನ್ನ ಮುಂದೆ ಹಿಡಿದಳು. ಬಿಳಿ ದಾರ ಗುಲಾಬಿ ಬಣ್ಣಕ್ಕೆ ತಿರುಗಿತ್ತು. "ದಾರಕ್ಕೆ ಇರುವಿ ಹತ್ತಿದ್ದು ನಾ ಎಲ್ಲೂ ಕಂಡಿಲ್ಲ. ನೀವು ಕಂಡೀರೇನು?"

ಆಗ ನಾನು ಏನು ಹೇಳಬಹುದಿತ್ತು? ಅರ್ಧದ ಶಾಸ್ತ್ರ ನನ್ನದು ಎನ್ನಬಹುದಿತ್ತು. ಮೊದಲು ನಿಂತ ಕಾಲು ನನ್ನದು, ಹರಿಹರದ ಸುಳ್ಳು ನನ್ನದು ಎನ್ನಬಹುದಿತ್ತು. ನಾನು ಹುಬ್ಬು ಗಂಟಿಕ್ಕಿದೆ. ಮಿಲ್ಲಿನ ಮುಖ ತಂದುಕೊಂಡೆ.

"ನಾ ಎಷ್ಟು ಬಡ್ಕೊಂಡೆ ಭಾಬಿ. ಬ್ಯಾಡಲೇ ಬ್ಯಾಡಲೇ ಅಂತ. ಕೇಳಬೇಕಲ್ಲ ಇವನು? ನಾನು ಹೊರಗೇ ನಿಂತಿರ್ತೀನಿ, ಇವನು ಒಳಗೆ ಹೋಗಿ ತಿಂದು ಬರ್ತಾನೆ."

"ನೀವು ತಿನ್ನಲಿಲ್ಲೇನು?"

"ಒಂದು ತುಣುಕು ಮುಟ್ಟಿಲ್ಲ."

ಮಾಬು ತಲೆಯೆತ್ತಿ ನನ್ನನ್ನು ನೋಡಿದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಒಂದು ಕಣ್ಣು ಸ್ವಲ್ಪ ಕಿರಿದು ಮಾಡಿ, ಅಳತೆ ತೆಗೆಯುವವನ ಹಾಗೆ ತಲೆಯಿಂದ ಕಾಲಿನವರೆಗೆ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಹೌದು, ನಂದೇ ತಪ್ಪು" ಎಂದ. ಅಷ್ಟೇ. ಭಾಬಿ ನನ್ನ ಕಡೆ ಎರಡೂ ಕೈ ಮುಗಿದು, "ನಿಮ್ಮನ್ನ ಯಾಕ ಸುಮ್ನೆ ಸಂಕಟಕ್ಕೆ ಹಾಕಿದ್ನೋ ಅಣ್ಣಾರೆ. ನಾಳಿಂದ ಇವರು ಮಾಳಿಗಿ ಮೇಲೇ ನಡೀಲಿ, ನಾನೇ ನೋಡ್ಕೋತೀನಿ" ಎಂದಳು. ಆ ಕೈ ಮುಗಿದದ್ದಿದೆಯಲ್ಲ, ಅದಕ್ಕಿಂತ ಆಕೆ ಚಪ್ಪಲಿ ತೆಗೆದಿದ್ದರೆ ಚೆನ್ನಾಗಿತ್ತು.

ಮರುದಿನದಿಂದ ಮಾಬುವಿಗೆ ಮಾಳಿಗೆ, ನನಗೆ ಊರು. ನಾನೊಬ್ಬನೇ ಬೇಕರಿಗೆ ಹೋದೆ. ನಾಚಿಕೆಯಿಲ್ಲದೆ ಹೋದೆ. ಬೇಕರಿಯವನು ಅಭ್ಯಾಸಬಲದಿಂದ ಎರಡು ಕಾಗದ ಹಾಕಿ, ನಡುವೆ ಹನಿ ಕೇಕು ಇಟ್ಟು, ಕತ್ತು ಉದ್ದ ಮಾಡಿ ನೋಡಿದ.

"ಟೇಲರ್ ಸಾಹೇಬ್ರು ಎಲ್ರೀ?"

"ಕಾಲು ನೋವು" ಎಂದೆ. ಸುಳ್ಳಿಗೆ ಒಮ್ಮೆ ಬಾಯಿ ಬಿಟ್ಟರೆ ಅದು ತಾನೇ ಬರುತ್ತದೆ.

ಕೈಯಲ್ಲಿ ಮುರಿದೆ. ಜಾಮು ಹೆಬ್ಬೆರಳಿಗೆ, ಕೊಬ್ಬರಿ ತುರಿ ಅಂಗಿಗೆ, ಬುಡ ನೆಲಕ್ಕೆ. ಅರ್ಧ ತಿಂದು ಆಯಿತು. ಇನ್ನರ್ಧ ಕಾಗದದ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಬಿಡಲು ಮನಸ್ಸು ಬಾರದೆ ಅದನ್ನೂ ತಿಂದೆ. ಇಷ್ಟು ದಿನ ಅರ್ಧಕ್ಕೆ ಇದ್ದ ರುಚಿ ಪೂರ್ತಿಗೆ ಇರಲಿಲ್ಲ. ಯಾಕೆಂದರೆ ತಿಂದ ಮೇಲೆ ಮಾತಾಡುವವರು ಯಾರೂ ಇರಲಿಲ್ಲ. ಲೈನಿಂಗ್ ಇಲ್ಲ ಎಂದು ಯಾರು ಹೇಳಬೇಕು? ಹೀಗೆಯೇ ಹದಿನೈದು ದಿನ ತಿಂದೆ, ದುಃಖದಲ್ಲಿ.

ಕೊನೆಗೆ ನನ್ನ ಮನೆಯಾಕೆ ಅಂಗಿ ಒಗೆಯಲು ಹಾಕುವಾಗ ಹಿಡಿದಳು. ಜೇಬಿನಿಂದ ಕೊಬ್ಬರಿ ತುರಿ ಕೊಡವಿ ನನ್ನ ಮುಂದೆ ನೆಲದ ಮೇಲೆ ಗುಪ್ಪೆ ಮಾಡಿದಳು.

"ಮಾಬಣ್ಣನ್ನ ಮಾಳಿಗಿ ಮೇಲೆ ಕೂಡಿಹಾಕಿ ನೀವೊಬ್ರೇ ತಿಂತೀರಲ್ಲ, ಒಳಗೆ ಹೆಂಗೆ ಇಳೀತೈತ್ರಿ?"

"ಇಳಿಯಲ್ಲ ಕಣೇ" ಎಂದೆ.

"ಗುಪ್ಪಿ ನೋಡಿದ್ರೆ ಇಳಿದಂಗೇ ಕಾಣ್ತೈತೆ" ಎಂದು ಬಕೆಟ್ಟು ಎತ್ತಿಕೊಂಡು ಹೋದಳು.

ಅಂದು ಸಂಜೆಯೇ ನಿಟ್ಟುವಳ್ಳಿಗೆ ನಡೆದೆ. ದಾರಿಯಲ್ಲಿ ಹೇಳಬೇಕಾದ ಮಾತನ್ನು ಎಂಟು ಸಲ ಬಾಯಿಪಾಠ ಮಾಡಿದೆ. ಅವರ ಮನೆಯ ಮುಂದೆ ನಿಂತಾಗ ಮಾಳಿಗೆಯ ಮೇಲೆ ಮಾಬು ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದ. ನನ್ನನ್ನು ಕಂಡ. ನಿಲ್ಲಲಿಲ್ಲ. ತಿರುಗಿ ಆ ತುದಿಗೆ ಹೋದ. ಬಾಯಿಪಾಠ ಅಲ್ಲೇ ಮರೆತುಹೋಯಿತು.

ಒಳಗೆ ಹೋಗಿ, ನಿಂತುಕೊಂಡೇ, "ಭಾಬಿ, ತಿಂದೋನು ನಾನೂ ಹೌದು. ತಿನ್ಸಿದೋನೂ ನಾನೇ. ಅವನು ಕಿವಿ ಒಡ್ಡಿದ್ದ, ನಾನು ಹಿಡೀಲಿಲ್ಲ" ಎಂದೆ. ಆಮೇಲೆ ಬಂದದ್ದೆಲ್ಲ ಬಡಬಡ ಹೇಳಿದೆ. ಅರ್ಧದ ಶಾಸ್ತ್ರ, ಲಾವಾ, ಹರಿಹರದ ಇಲ್ಲದ ಡಾಕ್ಟರು. ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳ ಅರ್ಧಕ್ಕೆ ಬಂದು ನಿಂತಿತು.

ಭಾಬಿ ಕೂಗಾಡಲಿಲ್ಲ. ನಾನು ಕೈ ಮುಗಿದಾಗ ಆಕೆ ಅದನ್ನು ನೋಡಲೂ ಇಲ್ಲ. "ಅವರ ಬೆರಳು ಹೋಗಿದ್ರೆ, ನೀವು ಹೊರಗೇ ನಿಂತಿದ್ದೆ ಅಂತಿದ್ರೇನು?" ಎಂದಳು. ನಾನು ಮುಗಿದ ಕೈ ಕೆಳಗಿಳಿಸಿದೆ.

ಆಮೇಲೆ ಕೇಳಿದಳು. "ಅಷ್ಟು ದಿನ ಸರಿಸಮ ತಿಂದೀರಿ. ನಿಮ್ಮ ಸಕ್ರಿ ಎಷ್ಟೈತೆ?"

"ನನಗೆಲ್ಲಿ ಸಕ್ಕರೆ? ನಾ ಒಮ್ಮೆನೂ ನೋಡ್ಸಿಲ್ಲ."

ಆಕೆ ಒಳಗೆ ಹೋಗಿ ಮಾಬುವಿನ ಸಕ್ಕರೆ ನೋಡುವ ಸಣ್ಣ ಯಂತ್ರ ತಂದಳು. "ಕೈ ಕೊಡ್ರಿ." ಸೂಜಿ ಕಂಡು ನಾನು ಕೈ ಹಿಂದೆ ಎಳೆದುಕೊಂಡೆ. ಇಂಜೆಕ್ಷನ್ ಎಂದರೆ ಹೆಣಕ್ಕಿಂತ ಕಡೆ ನಾನು. ಆಗ ಮೆಟ್ಟಿಲ ಮೇಲಿಂದ ಹದಿನೈದು ದಿನಗಳ ನಂತರದ ಮೊದಲ ಮಾತು ಕೇಳಿಸಿತು.

"ಸೂಜಿ ಕೆಲಸ ನಂದು. ಇಲ್ಲಿ ಕೊಡು."

ಮಾಬು ಇಳಿದು ಬಂದ. ನನ್ನ ಮುಖ ನೋಡದೆ, ಎಡಗೈಯ ಉಂಗುರದ ಬೆರಳು ಹಿಡಿದು, ಒಂದು ಕಣ್ಣು ಮುಚ್ಚಿ, ಚುಚ್ಚಿದ. ಬೇಕಾದದ್ದಕ್ಕಿಂತ ತುಸು ಜಾಸ್ತಿಯೇ ಒಳಗೆ ಹೋಯಿತೆಂದು ನನ್ನ ನಂಬಿಕೆ. ನಾನು "ಅಯ್ಯಯ್ಯಪ್ಪೋ" ಎಂದು ಬೀದಿಗೆ ಕೇಳುವ ಹಾಗೆ ಕೂಗಿದೆ. ಯಂತ್ರ ಕೀಂ ಎಂದಿತು. ಮೂವರೂ ತಲೆ ಬಗ್ಗಿಸಿ ನೋಡಿದೆವು. ಭಾಬಿ ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಸಕ್ಕರೆ ಮಾಬುವಿನದಕ್ಕಿಂತ ಎಷ್ಟೋ ಮೇಲಿತ್ತು.

ಮೊದಲು ನಕ್ಕವನು ಮಾಬು. ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ನಕ್ಕ. "ಹೊರಗೇ ನಿಂತಿದ್ನಂತೆ! ಹೊರಗೆ ನಿಂತೋನಿಗೇ ಇಷ್ಟು!" ಎಂದು ಹೇಳುತ್ತ ಹೇಳುತ್ತ ಕೆಮ್ಮು ಹತ್ತಿತು. ನನಗೆ ಅಳು ಬರುತ್ತಿತ್ತು, ನಗುವೂ ಬರುತ್ತಿತ್ತು. ಹುಬ್ಬಿನ ಗಂಟು ಅಂದು ಎಲ್ಲೋ ಬಿಚ್ಚಿಹೋಯಿತು. ಆಮೇಲೆ ಹುಡುಕಿದರೂ ಸಿಕ್ಕಿಲ್ಲ.

ಶಿಕ್ಷೆ ಭಾಬಿಯೇ ವಿಧಿಸಿದಳು. ದಿನಾ ಬೆಳಿಗ್ಗೆ ನಾನು ನಿಟ್ಟುವಳ್ಳಿಗೆ ನಡೆದು ಬರಬೇಕು. ಒಂದು ದೊಡ್ಡ ಲೋಟ ಹಾಗಲಕಾಯಿ ರಸ, ಇಬ್ಬರಿಗೂ ಅರ್ಧ ಅರ್ಧ. ಅಳತೆಗೆ ಮಾಬು ಟೇಪು ತೆಗೆದು ಎರಡು ಲೋಟಗಳ ಪಕ್ಕ ಹಿಡಿಯುತ್ತಾನೆ. ಆಮೇಲೆ ಇಬ್ಬರೂ ನಡೆಯಬೇಕು, ಹತ್ತು ಹೆಜ್ಜೆ ಹಿಂದೆ ಭಾಬಿ. ಹೀಗೆ ಒಂದೂವರೆ ತಿಂಗಳು. ಅವನ ಬೆರಳಿನ ಗಾಯ ಒಣಗಿ ಸಿಪ್ಪೆ ಬಿದ್ದ ದಿನ ಆಕೆ ತಾನಾಗಿ ಹೇಳಿದಳು.

"ಶನಿವಾರಕ್ಕೊಂದು ಸಲ, ಒಂದೇ ಒಂದು ತುಂಡು. ಅದೂ ನನ್ನ ಕಣ್ಣ ಮುಂದೆ. ಮೂರು ಭಾಗ ಮಾಡ್ರಿ. ನಾನೂ ನೋಡ್ತೀನಿ, ಅದ್ರಾಗೇನೈತೆ ಅಂತ."

ಆಗಲೇ ನನಗೆ ಹೊಳೆದದ್ದು, ಇಷ್ಟು ವರ್ಷ ಈ ಊರಲ್ಲಿದ್ದು ಭಾಬಿ ಒಂದು ದಿನವೂ ಹನಿ ಕೇಕು ತಿಂದಿರಲಿಲ್ಲ. ಹಬ್ಬಕ್ಕೆ ಊರವರಿಗೆಲ್ಲ ಹೊಸ ಬಟ್ಟೆ ಹೊಲಿದುಕೊಡುವ ಮನೆಯವಳು, ಬೇಕರಿಯ ಮುಂದೆ ಹಾದುಹೋಗುವುದಷ್ಟೇ ಆಕೆಗೆ ಗೊತ್ತಿತ್ತು. ಮೊದಲನೇ ಶನಿವಾರ ತನ್ನ ಪಾಲನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದಳು. ನಾವಿಬ್ಬರೂ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ಕೂತಿದ್ದೆವು.

"ಇಷ್ಟಕ್ಕೆ ಅಷ್ಟೊಂದು ಸುಳ್ಳು ಹೇಳಿದ್ರೇನು?" ಎಂದಳು. ಆಮೇಲೆ ಬೆರಳಿಗೆ ಅಂಟಿದ ಜಾಮು ನೆಕ್ಕುತ್ತ, "ಮುಂದಿನ ಶನಿವಾರನೂ ಇದೇ ತರ್ರಿ" ಎಂದಳು.

ನಿನ್ನೆಯೂ ಶನಿವಾರ. ಅದಕ್ಕೇ ನಾಲ್ಕು ಗಂಟೆಗೆ ಬೇಕರಿಯ ಮುಂದೆ ನಿಂತಿದ್ದೆ. ಬೆರಳು ಚುಳ್ಳೆಂದಿತು. ಒಂದೇ ತುಂಡು ಕಟ್ಟಿಸಿಕೊಂಡು, ದಾರಿಯಲ್ಲಿ ಬಿಚ್ಚದೆ, ನಿಟ್ಟುವಳ್ಳಿಗೆ ನಡೆದೆ. ಮಾಬು ಹೊಸ ರೀಲಿನಿಂದ ದಾರ ಎಳೆದ. ಭಾಬಿ ಒಂದು ತುದಿ ಹಿಡಿದಳು, ಅವನು ಇನ್ನೊಂದು ತುದಿ. ಎರಡು ಸಲ ಇಳಿಸಿದರು. ಒಂದು ಚೂರು ಉದುರಲಿಲ್ಲ. ಬಳಸಿದ ದಾರವನ್ನು ಈಗ ಭಾಬಿಯೇ ಹರಿದು ಎಸೆಯುತ್ತಾಳೆ. ಮಾಬು ಪ್ರತಿ ಸಲವೂ ಅದು ಬಿದ್ದ ಕಡೆಗೇ ನೋಡುತ್ತಾನೆ.

ಮೂರು ಭಾಗಗಳಲ್ಲಿ ಭಾಬಿಯದೂ ಅವನದೂ ಒಂದೇ ಅಳತೆ. ನನ್ನದು ಕಾಲು ಇಂಚು ಸಣ್ಣದು. ಕೈತಪ್ಪಿನಿಂದಲ್ಲ. ಜೀವಮಾನದಲ್ಲಿ ಕೂದಲೆಳೆಯಷ್ಟೂ ತಪ್ಪದ ಕೈ ಅದು. ಮೊದಲನೇ ಶನಿವಾರ ಅರ್ಧ ಇಂಚು ಸಣ್ಣದಿತ್ತು. ನಾನು ಸುಮ್ಮನೆ ತಿಂದಿದ್ದೆ. ನಿನ್ನೆ ಧೈರ್ಯ ಮಾಡಿ ಕೇಳಿದೆ.

"ಲೇ ಮಾಬು, ನನ್ನ ಭಾಗ ಯಾವಾಗ ಸಮ ಆಗ್ತೈತೆ?"

ಅವನು ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ತಲೆಯೆತ್ತಲಿಲ್ಲ.

"ಎಲ್ಲಾ ಆಗೈತೆ, ಕಾಜ ಬಾಕಿ ಐತೆ" ಎಂದ. "ಮುಂದಿನ ವಾರ ಬಾ."